ಕಣ್ಣು ಮುಚ್ಚಲು ಹೆದರಿದ ಹುಡುಗಿ

ಆ ಹುಡುಗ ತನ್ನ ಬಾಯನ್ನೇ ನೋಡುತ್ತಿದ್ದಾನೆ ಎನ್ನುವುದು ಪೆರಿಜಾತ್‌ಗೆ ಹೊಳೆಯುವ ಹೊತ್ತಿಗೆ, ಅವಳೂ ಅವನ ಬಾಯನ್ನೇ ನೋಡುತ್ತಾ ಕೂತು ಬಹಳ ಹೊತ್ತಾಗಿತ್ತು.

ಅವಳದೇನೋ ಅಭ್ಯಾಸಬಲ. ಎದುರಿಗಿದ್ದವರ ತುಟಿ ಯಾವಾಗ ಅಲುಗುತ್ತದೋ ಯಾರಿಗೆ ಗೊತ್ತು? ಅಲುಗಿದ ಗಳಿಗೆಯಲ್ಲಿ ಕಣ್ಣು ಅಲ್ಲಿಲ್ಲದಿದ್ದರೆ ಮಾತು ಹೋಯಿತು, ಮತ್ತೆ ಸಿಗುವುದಿಲ್ಲ. ಬಸ್ಸಿನಲ್ಲಾಗಲಿ ಬಜಾರಿನಲ್ಲಾಗಲಿ ಅವಳ ನೋಟ ಜನರ ತುಟಿಯ ಮೇಲೇ ಇರುತ್ತಿತ್ತು. ಆದರೆ ಇವನಿಗೇನು ಬಂದಿದೆ ಧಾಡಿ? ಬಿಳಿ ಕೋಟಿನ ತೋಳಿಗೆಲ್ಲ ಸುಣ್ಣದಂಥ ಪುಡಿ ಮೆತ್ತಿಕೊಂಡು, ತೊಡೆಯ ಮೇಲೊಂದು ರಟ್ಟಿನ ಡಬ್ಬ ಇಟ್ಟುಕೊಂಡು, ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಗುರುತು ಪರಿಚಯ ಇಲ್ಲದ ಹುಡುಗಿಯ ಬಾಯಿ ನೋಡುವುದೇ?

ಅವಳು ಹುಬ್ಬು ಗಂಟಿಕ್ಕಿದಳು. ಅವನಿಗೆ ಗಾಬರಿಯಾಯಿತು. ತನ್ನ ಹಲ್ಲಿಗೇ ಏನೋ ಸಿಕ್ಕಿಕೊಂಡಿದೆ ಎಂದುಕೊಂಡನೋ ಏನೋ, ಮೊಬೈಲ್ ತೆಗೆದು ಅದರ ಗಾಜಿನಲ್ಲಿ ಬಾಯಗಲಿಸಿ, ಎಡ ಬಲ ತಿರುಗಿ, ನಾಲಿಗೆಯಿಂದೆಲ್ಲ ತಡಕಿ ನೋಡಿಕೊಂಡ. ಪೆರಿಜಾತ್‌ಗೆ ನಗು ತಡೆಯಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಕೂಡಲೇ ಕೈ ತೆಗಿ, ತೆಗಿ ಎಂದು ಸನ್ನೆ ಮಾಡಿದ. ಎಂಥ ಧೈರ್ಯ! ಆಮೇಲೆ ಡಬ್ಬದ ಮುಚ್ಚಳ ತೆರೆದು ತೋರಿಸಿದ. ಒಳಗೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ತನ್ನ ಎದೆ ಮುಟ್ಟಿಕೊಂಡು, ಹಲ್ಲು ಮುಟ್ಟಿಕೊಂಡು, ಬೆರಳಿನಿಂದ ಏನನ್ನೋ ತಿದ್ದುವ ಹಾಗೆ ಮಾಡಿದ. ಹಲ್ಲು ಕಟ್ಟುವವನು. ಮೇಲಿನ ಮಹಡಿಯ ದಂತ ವಿಭಾಗದವನು. ನೋಡಿದ್ದು ಹಲ್ಲನ್ನೇ ಹೊರತು ಬೇರೇನನ್ನೂ ಅಲ್ಲ ಎಂದು ಅವನ ವಾದ. ಅವಳು ಅರ್ಧ ನಂಬಿದಳು.

ಆಗ ಅವನು ಇದ್ದಕ್ಕಿದ್ದಂತೆ ಬೂಟುಗಾಲಿನಿಂದ ನೆಲದ ಹಲಗೆಯನ್ನು ಧಬಧಬ ಕುಟ್ಟಿದ. ಅವಳ ಅಂಗಾಲಿಗೆ ತಟ್ಟಿತು. ತಲೆಯೆತ್ತಿದರೆ ಕಾರಿಡಾರಿನವರೆಲ್ಲ ಅವಳ ಕಡೆಗೇ ತಿರುಗಿದ್ದಾರೆ. ಬಾಗಿಲಲ್ಲಿ ನರ್ಸ್, ಕೂಗಿ ಕೂಗಿ ಸಾಕಾದ ಮುಖ. "ಎಷ್ಟು ಸಲ ಕರೀಬೇಕಮ್ಮಾ ನಿನ್ನ!"

"ಕೇಳಿಸ್ತು, ಕೇಳಿಸ್ತು," ಎಂದು ಪೆರಿಜಾತ್ ಎದ್ದಳು.

ಹುಡುಗ ತನ್ನ ಕಿವಿ ತೋರಿಸಿ ತಲೆಯಾಡಿಸಿದ. ನನಗೆ ಕೇಳಿಸುವುದಿಲ್ಲ, ಅವರೆಲ್ಲ ತಿರುಗಿದ್ದು ನೋಡಿ ಹೇಳಿದೆ, ಎಂದು. ಆಮೇಲೆ ಅವಳ ಕಿವಿಯತ್ತ ಬೆರಳು ಮಾಡಿ, ಹುಬ್ಬು ಹಾರಿಸಿ ಕೇಳಿದ. ಮತ್ತೆ ನಿನಗೆ?

"ನಂಗೆ ಕೇಳಿಸುತ್ತಪ್ಪಾ!" ಎಂದು ಸಿಡುಕಿ ಒಳಗೆ ನಡೆದಳು. ಕಿವಿ ಎಷ್ಟು ಕೆಟ್ಟಿದೆ ಎಂದು ಬರೆಸಿಕೊಳ್ಳಲು ಬಂದ ಹುಡುಗಿ ಆಡುವ ಮಾತೇ ಇದು?

ಆದರೂ ಅವಳು ಬಂದದ್ದು ಅದಕ್ಕೇ. ಹತ್ತೊಂಬತ್ತನೆಯ ವಯಸ್ಸಿಗೆ ಫಾರ್ಮಸಿ ಕಾಲೇಜಿನಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಳು. ಪರೀಕ್ಷೆ ಪಾಸಾದದ್ದು ಅವಳ ಕೈಯಲ್ಲಿತ್ತು, ಕಾಂಟ್ರ್ಯಾಕ್ಟ್ ಹಣ, ಅಂದರೆ ಕಾಲೇಜಿನ ಫೀಸು, ಕಟ್ಟುವುದು ಯಾರ ಕೈಯಲ್ಲೂ ಇರಲಿಲ್ಲ. ಬಜಾರಿನಲ್ಲಿ ಉಣ್ಣೆಯ ಚಪ್ಪಲಿ ಮಾರುವ ಅಮ್ಮನ ಕೈಯಲ್ಲಂತೂ ಇಲ್ಲವೇ ಇಲ್ಲ. ಕಿವಿ ಇಷ್ಟು ಕೆಟ್ಟಿದೆ ಎಂದು ವೈದ್ಯರ ಸಮಿತಿ ಅಂಗವಿಕಲತೆಯ ಒಂದು 'ಗ್ರೂಪ್' ಬರೆದುಕೊಟ್ಟರೆ ಕಾಂಟ್ರ್ಯಾಕ್ಟ್ ಮಾಫಿ ಎಂದು ಕಾಲೇಜಿನ ಆಫೀಸಿನಲ್ಲಿ ಹೇಳಿದ್ದರು. ಕೊಡದಿದ್ದರೆ ಮಾಸ್ಕೋ. ಸೋದರಮಾವನ ಹೆಂಡತಿ ಅಲ್ಲೊಂದು ಮಾಲ್‌ನಲ್ಲಿ ನೆಲ ಒರೆಸುವ ಕೆಲಸ ಆಗಲೇ ಗೊತ್ತುಮಾಡಿ ಇಟ್ಟಿದ್ದಳು. ಬಿಷ್ಕೇಕ್‌ನಿಂದ ಹಾಗೆ ಹೋದ ಹುಡುಗಿಯರು ಒಂದೇ ವರ್ಷ ಎಂದು ಹೋಗುತ್ತಾರೆ, ತಿರುಗಿ ಬರುವಾಗ ಕೂದಲು ನೆರೆತಿರುತ್ತದೆ. ಈ ಪರೀಕ್ಷೆಗೆ ಬಂದಿರುವುದು ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಏನಾಗುತ್ತದೋ ಎನ್ನುವುದು ಇನ್ನೊಂದು ಹೆದರಿಕೆ.

ಗಾಜಿನ ಕಿಟಕಿಯ ಪುಟ್ಟ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿ ಡಾಕ್ಟರಮ್ಮ ಆಚೆ ಬದಿಗೆ ಹೋಗಿ ಯಂತ್ರದ ಮುಂದೆ ಕೂತಳು. ಶಬ್ದ ಕೇಳಿಸಿದಾಗ ಕೈ ಎತ್ತು, ಅಷ್ಟೇ.

ಪೆರಿಜಾತ್‌ಗೆ ಈ ಆಟ ಆರನೆಯ ವಯಸ್ಸಿನಿಂದ ಗೊತ್ತು. ಶಾಲೆಗೆ ಸೇರಿಸುವ ಮೊದಲು ಅಮ್ಮ ಕೈಯಲ್ಲೊಂದು ಚಮಚ, ಒಂದು ಬಟ್ಟಲು ಹಿಡಿದು ಅಡುಗೆಮನೆಯ ಆ ಮೂಲೆಯಲ್ಲಿ ನಿಲ್ಲುತ್ತಿದ್ದಳು. "ಚಮಚ ನೋಡ್ಬೇಡ ಮಗಳೇ. ನನ್ನ ಮೊಣಕೈ ನೋಡು. ಅದು ಅಲುಗಿದ್ರೆ ಕೈ ಎತ್ಬಿಡು. ಡಾಕ್ಟ್ರು ಕೇಳಿದಾಗ್ಲೂ ಹೀಗೇ. ತಪ್ಪಿದ್ರೆ ನಿನ್ನ ಕಿವುಡ್ರ ಹಾಸ್ಟೆಲ್‌ಗೆ ಹಾಕ್ತಾರೆ, ಆಮೇಲೆ ಅಪಾ ಬೇಕು ಅಂತ ಅತ್ರೂ ನಾನು ಸಿಗಲ್ಲ." ಅಪಾ ಎಂದರೆ ಅಮ್ಮ. ಸರಿಯಾಗಿ ಕೈ ಎತ್ತಿದರೆ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ಬಾಯಿಗೆ ಬೀಳುತ್ತಿತ್ತು. ತಪ್ಪಿದರೆ ಅಮ್ಮನ ಕಣ್ಣಲ್ಲಿ ನೀರು. ಆರು ವರ್ಷದ ಮಗು ಎಷ್ಟು ಬೇಗ ಕಲಿಯಬೇಕೋ ಅಷ್ಟು ಬೇಗ ಕಲಿತಿತು. ಪ್ರತಿ ವರ್ಷದ ತಪಾಸಣೆಯಲ್ಲೂ ಅವಳ ಕಿವಿ "ಸ್ವಲ್ಪ ಮಂದ"ವಾಗಿತ್ತು, ಅಷ್ಟೇ.

ಇವತ್ತು ಹಾಗೆ ಮಾಡಬಾರದು. ನಿಜವಾಗಿ ಕೇಳಿಸಿದರೆ ಮಾತ್ರ ಕೈ ಎತ್ತಬೇಕು. ಅದನ್ನೇ ಮನಸ್ಸಿನಲ್ಲಿ ಜಪಿಸುತ್ತಾ ಕೂತಳು.

ಗಾಜಿನಾಚೆ ಡಾಕ್ಟರಮ್ಮನ ಮೊಣಕೈ ಕೂದಲೆಳೆಯಷ್ಟು ಅಲುಗಿತು. ಪೆರಿಜಾತ್‌ಳ ಕೈ ಮೇಲೆದ್ದಿತು.

ಇಳಿಸು, ಇಳಿಸು ಎಂದು ಅವಳು ತನ್ನ ಕೈಗೇ ಬೈದುಕೊಂಡಳು. ಮತ್ತೆ ಅಲುಗಿತು, ಮತ್ತೆ ಎದ್ದಿತು. ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಆಗ ಡಾಕ್ಟರಮ್ಮನ ಮುಖ ಸಿಟ್ಟಾದಂತೆ ಕಂಡಿತು. ಹಾಸ್ಟೆಲ್‌ನ ಗೇಟು, ಆಚೆ ನಿಂತ ಅಮ್ಮ, ಎಲ್ಲಾ ಕಣ್ಣ ಮುಂದೆ ಬಂದು ಹೋಯಿತು. ಕೈ ತೊಡೆಯ ಕೆಳಗಿಂದ ನುಣುಚಿಕೊಂಡು ಎದ್ದೇ ಬಿಟ್ಟಿತು.

"ಪರವಾಗಿಲ್ವೇ!" ಎಂದಳು ಡಾಕ್ಟರಮ್ಮ, ಹೆಡ್‌ಫೋನ್ ತೆಗೆಯುತ್ತಾ. "ಒಂಚೂರು ಮಂದ, ಅಷ್ಟೆ. ಇದಕ್ಕೆಲ್ಲ ಗ್ರೂಪ್ ಸಿಗಲ್ಲಮ್ಮ. ಖುಷಿ ಪಡು."

ಪೆರಿಜಾತ್ ನಕ್ಕಳು. ಥ್ಯಾಂಕ್ಸ್ ಬೇರೆ ಹೇಳಿದಳು!

ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕುಸಿದಳು. ತನ್ನ ಕೈಯಾರೆ ತನ್ನ ಕಾಲೇಜನ್ನು ಮುಗಿಸಿ ಬಂದಿದ್ದಳು, ಅಕ್ಷರಶಃ ಕೈಯಾರೆ. ಎದುರಿಗೆ ಮೊಬೈಲೊಂದು ಬಂತು. ಆ ಹುಡುಗ ಇನ್ನೂ ಹೋಗಿರಲಿಲ್ಲ. ಪರದೆಯ ಮೇಲೆ ಬರೆದಿದ್ದ: "ಹಲ್ಲು ಇಷ್ಟು ಚೆನ್ನಾಗಿದೆ, ಮುಖ ಯಾಕೆ ಹೀಗಿದೆ?"

ಅವಳು ಮೊಬೈಲ್ ಕಿತ್ತುಕೊಂಡು, ಯಾಕೆಂದು ಅವಳಿಗೇ ಗೊತ್ತಿಲ್ಲ, ಬರೆದಳು: "ನನಗೆ ಕೇಳಿಸಲ್ಲ. ಕೇಳಿಸುತ್ತೆ ಅಂತ ತೋರಿಸ್ಕೊಂಡೆ." ಈ ಮಾತನ್ನು ಅವಳು ಹುಟ್ಟಿದಾಗಿನಿಂದ ಯಾರಿಗೂ ಹೇಳಿರಲಿಲ್ಲ.

ಅವನು ಓದಿದ. ನಗಲಿಲ್ಲ. ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಾ ಎಂದು ಸನ್ನೆ ಮಾಡಿದ.

ಅವನ ಹೆಸರು ಎರ್ಮೆಕ್. ಅಪ್ಪ ಅಮ್ಮ ಇಬ್ಬರೂ ಕಿವುಡರು, ಮನೆಯಲ್ಲಿ ಎಲ್ಲರ ಮಾತೂ ಕೈಯಲ್ಲೇ. ಕಿವಿ ಕೇಳುವವಳೆಂದರೆ ಅಕ್ಕ ರಹತ್ ಒಬ್ಬಳೇ. ಕಿವುಡರಿಗೆ ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ ಕೈಮಾತನ್ನು ಬಾಯಿಮಾತಿಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಕೈಯೂ ಜೋರು, ಬಾಯಿಯೂ ಜೋರು. ಆಸ್ಪತ್ರೆಯ ಹಿಂದೆ ಮಾಂಸ ತುಂಬಿದ ಸಂಸಾ ಮಾರುವ ಅಂಗಡಿಯಲ್ಲಿ ಕೂತು ಎಲ್ಲ ಕೇಳಿದ ಮೇಲೆ ರಹತ್ ಪೆರಿಜಾತ್‌ಳ ಮುಂದೆ ತಟ್ಟೆ ತಳ್ಳಿದಳು.

"ಮೊದ್ಲು ತಿನ್ನು. ಮೈಯಲ್ಲಿ ರಕ್ತವೇ ಇಲ್ಲ. ಇಷ್ಟು ವರ್ಷ ಡಾಕ್ಟ್ರುಗಳನ್ನೆಲ್ಲ ಯಾಮಾರಿಸಿದ್ದೀಯಲ್ಲೇ ಮಹಾರಾಯ್ತಿ! ನಮ್ಮೋರೆಲ್ಲ ಕಿವಿ ಕೇಳಲ್ಲ ಅಂತ ಒಪ್ಪಿಸೋಕೆ ಒದ್ದಾಡ್ತಾರೆ."

"ಇನ್ನೇನೂ ಮಾಡೋಕಾಗಲ್ವಾ ಎಜೆ?" ಎಂದು ಪೆರಿಜಾತ್ ಕೇಳಿದಳು. ಎಜೆ ಎಂದರೆ ಅಕ್ಕ. ಆಗಷ್ಟೇ ಕಂಡ ಹೆಂಗಸನ್ನು ಅಕ್ಕ ಎಂದು ಕರೆಯುವಾಗ ಅವಳಿಗೆ ಅಳು ಬಂತು.

"ಆಗುತ್ತೆ. ಸಮಿತಿ ಮುಂದೆ ಇನ್ನೊಂದು ಸಲ ಪರೀಕ್ಷೆ ಮಾಡಿ ಅಂತ ಕೇಳೋಣ. ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ. ಕಣ್ಣು ಮುಚ್ಕೊಂಡು ಕೂತ್ಕೋ, ಅಷ್ಟೇ. ಮೊಣಕೈ ಕಾಣ್ದಿದ್ರೆ ಕೈ ಎಲ್ಲಿಂದ ಏಳುತ್ತೆ? ಆದ್ರೆ ನಿಮ್ಮಮ್ಮನ್ನ ಕರ್ಕೊಂಡು ಬರ್ಬೇಕು. ಚಿಕ್ಕಂದಿನಲ್ಲಿ ಹೇಗಿತ್ತು ಅಂತ ಕೇಳೇ ಕೇಳ್ತಾರೆ."

ಕಣ್ಣು ಮುಚ್ಚಿ ಕೂರುವುದು. ಹೇಳಿದಷ್ಟು ಸುಲಭವೇ? ಪೆರಿಜಾತ್ ಅಲ್ಲೇ ಒಮ್ಮೆ ಮುಚ್ಚಿ ನೋಡಿದಳು. ಅಂಗಡಿ ಮಾಯವಾಯಿತು. ರಹತ್ ಮಾಯವಾದಳು. ಜಗತ್ತಿನಲ್ಲಿ ತಾನೊಬ್ಬಳೇ, ಬೆನ್ನ ಹಿಂದೆ ಯಾರು ಬಂದರೂ ತಿಳಿಯದು. ಬೆಂಕಿ ಮುಟ್ಟಿದವಳಂತೆ ಕಣ್ಣು ಬಿಟ್ಟಳು. ಎದುರಿಗೆ ಎರ್ಮೆಕ್ ಅವಳನ್ನೇ ನೋಡುತ್ತಿದ್ದ, ಈ ಸಲ ಬಾಯನ್ನಲ್ಲ.

ಮರುದಿನದಿಂದ ಊಟದ ವಿರಾಮದಲ್ಲಿ ಅಭ್ಯಾಸ ಶುರುವಾಯಿತು, ಎರ್ಮೆಕ್ ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ. ಮೇಣದ ವಾಸನೆ, ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ತೇಲುವ ಬಿಳಿ ಪುಡಿ, ಮೇಜಿನ ತುಂಬ ಯಾರು ಯಾರದೋ ದವಡೆಗಳು. ಅವಳಿಗೆ ಕೈಮಾತು ಬಾರದು. ಅವನು ನಿಧಾನವಾಗಿ ಕಲಿಸುತ್ತಾ ಹೋದ, ಅವಳು ತಪ್ಪು ಮಾಡಿದರೆ ಬೆರಳು ಹಿಡಿದು ತಿದ್ದುತ್ತಿದ್ದ. ತಿದ್ದಿದ ಮೇಲೂ ಬೆರಳನ್ನು ಕೂಡಲೇ ಬಿಡುತ್ತಿರಲಿಲ್ಲ. ಅವಳೂ ಬಿಡಿಸಿಕೊಳ್ಳುವ ಅವಸರ ಮಾಡುತ್ತಿರಲಿಲ್ಲ.

"ನಿನ್ನ ಈ ಹಲ್ಲು," ಎಂದು ಒಂದು ದಿನ ಅವಳ ಮೇಲಿನ ಸಾಲಿನ ಓರೆ ಹಲ್ಲು ತೋರಿಸಿ ಕೈಯಲ್ಲಿ ಹೇಳಿದ, "ಪಕ್ಕದ್ದರ ಹೆಗಲ ಮೇಲೆ ತಲೆ ಇಟ್ಕೊಂಡು ಮಲಗಿದೆ. ಯಾರಾದ್ರೂ ನೆಟ್ಟಗೆ ಮಾಡ್ತೀನಿ ಅಂದ್ರೆ ಬಿಡ್ಬೇಡ."

"ಹಲ್ಲು ಕಟ್ಟೋನಿಗೆ ಗಿರಾಕಿ ಬೇಡ್ವಾ?"

"ಈ ಗಿರಾಕಿ ಬೇಡ. ಇವಳು ಹಾಗೇ ಇರ್ಲಿ."

ಅವಳ ಕೆನ್ನೆ ಬಿಸಿಯಾಯಿತು. ಅವನು ನೋಡಿಯೂ ನೋಡದವನಂತೆ ಮೇಣ ಕೆರೆಯತೊಡಗಿದ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು, ಪಾಪ.

ಆದರೆ ಕಣ್ಣು ಮುಚ್ಚುವ ಪಾಠ ಮುಂದೆ ಸಾಗಲಿಲ್ಲ. ಮುಚ್ಚಿ ಹತ್ತು ಉಸಿರು ಎಳೆಯುವಷ್ಟರಲ್ಲಿ ಅವಳು ಬೆವತು ಕಣ್ಣು ಬಿಟ್ಟುಬಿಡುತ್ತಿದ್ದಳು.

"ಯಾಕೆ ಇಷ್ಟು ಹೆದರ್ತೀಯ?"

ಅವಳು ಬಂದಷ್ಟು ಕೈಮಾತಿನಲ್ಲಿ, ಬಾರದ್ದನ್ನು ತುಟಿಯಲ್ಲಿ ಹೇಳಿದಳು. "ಕಣ್ಣು ಮುಚ್ಚಿದ್ರೆ ನೀನು ಎದ್ದು ಹೋದ್ರೂ ನಂಗೆ ಗೊತ್ತಾಗಲ್ಲ."

ಎರ್ಮೆಕ್ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಅವಳ ಮಣಿಕಟ್ಟು ಹಿಡಿದು ಹೆಬ್ಬೆರಳಿನಿಂದ ಮೆತ್ತಗೆ ತಟ್ಟಿದ. ಇಲ್ಲಿದ್ದೀನಿ. ಅವಳು ಕಣ್ಣು ಮುಚ್ಚಿದಳು. ಕತ್ತಲು, ಏನೂ ಇಲ್ಲ, ಆಮೇಲೆ ಒಂದು ತಟ್ಟು. ಇಲ್ಲಿದ್ದೀನಿ. ಮತ್ತೆ ಕತ್ತಲು, ಮತ್ತೆ ತಟ್ಟು. ಅವಳ ಉಸಿರು ಹದಕ್ಕೆ ಬಂತು. ಆ ಕತ್ತಲಲ್ಲಿ ಅವನಿಗೆ ಹೇಳಲು ಬಾಯಿಲ್ಲ, ಅವಳಿಗೆ ಕೇಳಲು ಕಿವಿಯಿಲ್ಲ, ನೋಡಲು ಕಣ್ಣೂ ಇಲ್ಲ. ಆದರೂ ಅಷ್ಟು ಹೊತ್ತು ಯಾರ ಜತೆಗೂ ಅವಳು ಮಾತಾಡಿರಲಿಲ್ಲ.

ಹಾಗೆ ಕೆಲವು ದಿನ ಕಳೆದವು. ಆಮೇಲೊಂದು ಮಧ್ಯಾಹ್ನ ಅವನು ಮಣಿಕಟ್ಟು ಹಿಡಿಯಲಿಲ್ಲ.

"ಅಲ್ಲಿ ನಾನಿರಲ್ಲ ಪೆರಿಜಾತ್. ನಾನಿಲ್ಲದೆ ಕೂರ್ಬೇಕು."

"ನನ್ನಿಂದ ಆಗಲ್ಲ."

"ನಿನಗಿಂತ ಜಾಸ್ತಿ ಹೆದರಿದ್ದೀನಿ ನಾನು," ಎಂದ. ಯಾಕೆ ಎಂದರೆ ಹೇಳಲಿಲ್ಲ. ಮುಖ ತಿರುಗಿಸಿದ. ಕೈಮಾತಿನವರು ಮುಖ ತಿರುಗಿಸಿದರೆ ಮಾತು ಮುಗಿಯಿತು ಎಂದೇ. ಏನನ್ನೋ ಬಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಬೇಸರವೂ ಆಯಿತು.

ಇನ್ನು ಅಮ್ಮ. ಸಮಿತಿಯ ಹಿಂದಿನ ದಿನದವರೆಗೂ ಹೇಳಲು ಧೈರ್ಯ ಸಾಲಲಿಲ್ಲ. ಕೊನೆಗೆ ಬಜಾರಿನಲ್ಲಿ, ಚಪ್ಪಲಿಗಳ ರಾಶಿಯ ಹಿಂದೆ ಇಬ್ಬರೂ ಚಹಾ ಕುಡಿಯುವಾಗ ಹೇಳಿದಳು. ಅಮ್ಮ ತುರ್ಸುನಾಯ್‌ಳ ಕೈಯಲ್ಲಿದ್ದ ಚಹಾದ ಬಟ್ಟಲು ನಡುದಾರಿಯಲ್ಲೇ ನಿಂತಿತು.

"ಯಾರಿಗೆ ಹೇಳಿದೆ? ಯಾರ್ಯಾರಿಗೆ ಗೊತ್ತು?"

"ಅಪಾ, ನಾಳೆ ನೀನು ಬರ್ಬೇಕು."

"ನಿನ್ನ ಹಣೆ ಮೇಲೆ ಕಿವುಡಿ ಅಂತ ಸೀಲು ಹೊಡ್ಸೋಕೆ ನಾನೇ ಬರ್ಬೇಕಾ? ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಪಾಡಿದ್ದೀನಿ ನಿನ್ನ. ಒಬ್ಬಳಿಗೆ ಅನುಮಾನ ಬರೋಕೆ ಬಿಟ್ಟಿಲ್ಲ. ನಾಳೆ ಸೊಸೆ ಮಾಡ್ಕೊಳ್ಳೋಕೆ ಯಾರು ಬರ್ತಾರೆ ಹೇಳು!"

"ಮಾಸ್ಕೋದಲ್ಲಿ ನೆಲ ಒರೆಸೋಳಿಗೆ ಕಿವಿ ಬೇಡ ಅಲ್ವಾ ಅಪಾ? ಅದಕ್ಕೇ ಅಲ್ಲಿಗೆ ಕಳಿಸ್ತಿದ್ದೀಯ?"

ಆಡಿದ ಮೇಲೆ ಪೆರಿಜಾತ್ ನಾಲಿಗೆ ಕಚ್ಚಿಕೊಂಡಳು. ಗಿರಾಕಿಯೊಬ್ಬಳು ಚಪ್ಪಲಿಯ ಬೆಲೆ ಕೇಳಿದರೂ ಅಮ್ಮ ಉತ್ತರ ಕೊಡಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗ, ಮಗಳ ಮುಖ ನೋಡದೆ, ಆದರೆ ತುಟಿ ಕಾಣುವಂತೆ ತಿರುಗಿ, "ಬರ್ತೀನಿ. ಬಾಯಿ ಬಿಡಲ್ಲ. ಸುಮ್ನೆ ಕೂತಿರ್ತೀನಿ," ಎಂದಳು.

ಸಮಿತಿಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು ಕೂತಿದ್ದರು. ಯಂತ್ರದ ಮುಂದೆ ಒಬ್ಬ ಮುದುಕ ಡಾಕ್ಟರು. ರಹತ್ ಪಕ್ಕದಲ್ಲಿ, ಅಮ್ಮ ಗೋಡೆಗೊರಗಿದ ಕುರ್ಚಿಯಲ್ಲಿ. ಎರ್ಮೆಕ್‌ನನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು. ಪೆರಿಜಾತ್‌ಳ ಕಿವಿಗೆ ಹೆಡ್‌ಫೋನ್ ಬಂತು. ಅವಳು ಕಣ್ಣು ಮುಚ್ಚಿದಳು.

ಮಣಿಕಟ್ಟಿನ ಮೇಲೆ ಯಾರೂ ತಟ್ಟಲಿಲ್ಲ.

ಕತ್ತಲು ಸುಮ್ಮನೆ ಮುಂದುವರಿಯಿತು. ಈಗ ಬರಬಹುದು ಶಬ್ದ, ಇನ್ನೇನು ಬರಬಹುದು. ಬರಲಿಲ್ಲ. ಇವರು ಎದ್ದು ಹೋದರೇ? ಅಮ್ಮ ಹೋದಳೇ? ಬಾಗಿಲು ಹಾಕಿಕೊಂಡು ಎಲ್ಲರೂ ಹೋಗಿಬಿಟ್ಟರೇ? ಕೇಳಿಸದಿದ್ದರೆ ಕಾಲೇಜು ಉಳಿಯುತ್ತದೆ ಎಂದು ಗೊತ್ತಿದ್ದೂ, ದೇವರೇ, ಒಂದೇ ಒಂದು ಶಬ್ದ ಕೊಡು ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಕೊನೆಗೆಲ್ಲೋ ಬಲು ದೂರದಲ್ಲಿ ಗುಡುಗಿನಂತೆ ಏನೋ ಮಿಸುಕಿತು. ಥಟ್ಟನೆ ಕೈ ಎತ್ತಿದಳು. ಅಷ್ಟೇ. ಮತ್ತೆ ಏನೂ ಇಲ್ಲ.

ಭುಜ ತಟ್ಟಿದಾಗ ಕಣ್ಣು ಬಿಟ್ಟಳು. ಮೇಜಿನ ಹಿಂದಿನ ಹೆಂಗಸು ಹಳೆಯ ವರದಿಯನ್ನು ಬೆರಳಿನಿಂದ ಕುಟ್ಟುತ್ತಿದ್ದಳು. "ಮೊನ್ನೆ ಎಲ್ಲಾ ಕೇಳಿಸ್ತಿತ್ತು, ಇವತ್ತು ಏನೂ ಕೇಳಿಸ್ತಿಲ್ವಂತೆ! ಆಗಸ್ಟ್ ಬಂದ್ರೆ ಸಾಕು, ಕಾಂಟ್ರ್ಯಾಕ್ಟ್ ಉಳ್ಸೋಕೆ ಊರಿನ ಹುಡುಗರಿಗೆಲ್ಲ ಕಿವಿ ಹೋಗ್ಬಿಡುತ್ತೆ. ಇದು ನಾಟಕ."

ರಹತ್ ಸಿಡಿದೆದ್ದಳು. "ನಾಟಕ ಮೊನ್ನೆ ಆಗಿದ್ದು ಮೇಡಂ, ಇವತ್ತಲ್ಲ!"

"ಅದಕ್ಕೆ ಏನು ಗ್ಯಾರಂಟಿ?"

ಗ್ಯಾರಂಟಿ ಎಲ್ಲಿಂದ ತರುವುದು? ಪೆರಿಜಾತ್ ಅಮ್ಮನ ಕಡೆ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ಹೇಳಿದ್ದಳಲ್ಲ, ಬಾಯಿ ಬಿಡಲ್ಲ ಎಂದು.

ಮುದುಕ ಡಾಕ್ಟರು ಮಾತ್ರ ಅವಸರ ಮಾಡಲಿಲ್ಲ. ಅವಳೆದುರು ಬಗ್ಗಿ, ತುಟಿ ಕಾಣುವಂತೆ ಹೇಳಿದರು. "ಇನ್ನೊಂದು ಸಲ ನೋಡೋಣ ಮಗೂ. ಈ ಸಲ ಕಣ್ಣು ಬಿಟ್ಕೊಂಡೇ ಇರು."

ಹೆಡ್‌ಫೋನ್ ಮತ್ತೆ ಕಿವಿಗೆ ಬಂತು. ಅವಳು ಗೋಡೆ ನೋಡಲು ಹೊರಟಳು, ಸೂರು ನೋಡಲು ಹೊರಟಳು. ಕಣ್ಣು ತಾನಾಗಿ ಜಾರಿ ಡಾಕ್ಟರ ತೋಳಿನ ಮೇಲೆ ಬಂದು ಕೂತಿತು. ಮೊಣಕೈ ಅಲುಗಿತು. ಕೈ ಎದ್ದಿತು. ಬೇಡ, ದಮ್ಮಯ್ಯ, ಬೇಡ. ಮತ್ತೆ ಅಲುಗಿತು, ಮತ್ತೆ ಎದ್ದಿತು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಕೈ ಮಾತ್ರ ಒಂದೊಂದಕ್ಕೂ ಚಾಚೂ ತಪ್ಪದೆ ಎದ್ದಿತು. ಮೇಜಿನ ಹಿಂದಿನ ಹೆಂಗಸು ನೋಡಿದಿರಾ ಎಂಬಂತೆ ಕುರ್ಚಿಗೆ ಒರಗಿಕೊಂಡಳು. ರಹತ್ ಹಣೆ ಹಿಡಿದುಕೊಂಡಳು. ಮುಗಿಯಿತು, ಮಾಸ್ಕೋ, ಎಂದುಕೊಂಡಳು ಪೆರಿಜಾತ್.

ಆಗ ಡಾಕ್ಟರು ಎಡಗೈಯನ್ನು ಮೇಜಿನ ಕೆಳಗಿನಿಂದ ಮೇಲೆತ್ತಿದರು. ಕೈಯಲ್ಲಿ ಹೆಡ್‌ಫೋನಿನ ವೈರು. ಯಂತ್ರದಿಂದ ಕಿತ್ತ ವೈರು.

ಕೋಣೆ ಸ್ತಬ್ಧವಾಯಿತು. ಅದು ಅವಳಿಗೂ ಗೊತ್ತಾಯಿತು, ಎಲ್ಲರ ತುಟಿಗಳೂ ನಿಂತಿದ್ದವು.

ಸಿಕ್ಕಿಬಿದ್ದಿದ್ದಳು. ಆರನೆಯ ವಯಸ್ಸಿನಿಂದ ಯಾವುದಕ್ಕೆ ಹೆದರಿ ಹೆದರಿ ಬದುಕಿದ್ದಳೋ ಅದೇ ಆಗಿತ್ತು. ಮುಖ ಮುಚ್ಚಿಕೊಳ್ಳಬೇಕೆಂದರೆ ಕೈಗಳೇ ಬರಲಿಲ್ಲ.

"ಇಲ್ದಿರೋ ಶಬ್ದಕ್ಕೆ ಕೈ ಎತ್ತಿದ್ಯಲ್ಲ ಮಗೂ," ಎಂದರು ಡಾಕ್ಟರು. "ಯಾರು ಕಲ್ಸಿದ್ರು ಇದನ್ನ?"

ಗೋಡೆಯ ಪಕ್ಕದ ಕುರ್ಚಿ ಸರಿಯಿತು. ತುರ್ಸುನಾಯ್ ಎದ್ದು ನಿಂತಿದ್ದಳು. ಅವಳ ಮುಖ ಆಗ ಹೇಗಿತ್ತೆಂದರೆ ಪೆರಿಜಾತ್‌ಗೆ ತುಟಿ ಓದಲಿಕ್ಕೇ ಆಗಲಿಲ್ಲ. ಅಮ್ಮನ ಮಾತನ್ನು ರಹತ್ ಕೈಯಲ್ಲೂ ತುಟಿಯಲ್ಲೂ ಹೇಳಿದಳು.

"ನಾನು ಕಲ್ಸಿದ್ದು ಡಾಕ್ಟ್ರೇ. ಚಮಚ ಇಟ್ಕೊಂಡು ನಾನೇ ಕಲ್ಸಿದ್ದು. ಕೂಸನ್ನ ನನ್ನಿಂದ ಕಿತ್ಕೊಂಡು ಹೋಗ್ತಾರೆ ಅಂತ ಹೆದರಿದ್ದೆ. ಹಾಗೇ ಮಾಡ್ತಾ ಮಾಡ್ತಾ, ಇವಳಿಗೆ ನಿಜವಾಗ್ಲೂ ಒಂಚೂರು ಕೇಳಿಸುತ್ತೆ ಅಂತ ನಂಗೇ ಅನ್ನಿಸಿಬಿಡ್ತು. ಇಷ್ಟೂ ಕೇಳಿಸಲ್ಲ ಅಂತ ಇವತ್ತೇ ಗೊತ್ತಾಗಿದ್ದು. ಪಾಪಿ ನಾನು. ಅವಳದೇನೂ ತಪ್ಪಿಲ್ಲ. ಬರ್ಕೊಡಿ."

ಡಾಕ್ಟರು ವೈರನ್ನು ಮತ್ತೆ ಸಿಕ್ಕಿಸಿ, ಅವಳ ಕಣ್ಣಿಗೆ ಬಟ್ಟೆ ಕಟ್ಟಿಸಿ, ಮೊದಲಿನಿಂದ ಇನ್ನೊಮ್ಮೆ ಮಾಡಿದರು. ಆಮೇಲೆ ಮೇಜಿನ ಹಿಂದಿನ ಹೆಂಗಸು ಸಹಿ ಹಾಕಿದಳು.

ಹೊರಗೆ ಅಂಗಳದಲ್ಲಿ ಎರ್ಮೆಕ್ ಪಾಪ್ಲರ್ ಮರಕ್ಕೆ ಒರಗಿ ನಿಂತಿದ್ದ. ತುಟಿ ಬಣ್ಣಗೆಟ್ಟಿತ್ತು. ಕೊಟ್ಟರು ಎಂದು ಅವಳು ಕೈಯಲ್ಲಿ ಹೇಳಿದಾಗ ಅವನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಕಣ್ಣೊರೆಸಿಕೊಂಡ.

"ಒಂದು ಮಾತು ಹೇಳ್ಬೇಕು. ಹೇಳಿದ್ರೆ ನೀನು ನನ್ನ ಮುಖ ನೋಡಲ್ಲ."

"ಹೇಳು. ನಿಧಾನಕ್ಕೆ ಹೇಳು, ನಂಗೆ ಇನ್ನೂ ಪೂರ್ತಿ ಬರಲ್ಲ."

ಅವನು ಒಂದೊಂದೇ ಮಾತಾಗಿ ಕೈಯಲ್ಲಿ ಹೇಳಿದ. "ನಿಂಗೆ ಕೇಳಿಸ್ಬಾರ್ದು ಅಂತ ಬೇಡ್ಕೊಂಡೆ. ದಿನಾ ಬೇಡ್ಕೊಂಡೆ. ನಿನ್ನ ಕಾಲೇಜಿಗೋಸ್ಕ್ರ ಅಲ್ಲ. ನಿಂಗೆ ಕೇಳಿಸಿಬಿಟ್ರೆ ನೀನು ಅವರ ಕಡೆಯೋಳು, ನನ್ನ ಹತ್ರ ಯಾಕಿರ್ತೀಯ ಅಂತ. ನಿನ್ನ ಕಿವಿ ಹಾಳಾಗಿರ್ಲಿ ಅಂತ ಬೇಡಿದೋನು ನಾನು. ನಿನ್ನ ಅಷ್ಟು ಇಷ್ಟಪಟ್ಟೆ, ಇಂಥಾ ಕೆಟ್ಟದ್ದು ಬೇಡ್ಕೊಂಡೆ."

ಪೆರಿಜಾತ್‌ಗೆ ಸಿಟ್ಟು ಬಂತು, ಖಂಡಿತ ಬಂತು. ಅವನ ಎದೆಗೆ ಮುಷ್ಟಿಯಿಂದ ಒಂದು ಗುದ್ದಿದಳು. ಅವನು ಅಲುಗಲಿಲ್ಲ.

"ನಾನು ಒಳಗೆ ಏನು ಬೇಡ್ಕೊಂಡೆ ಗೊತ್ತಾ?" ಎಂದಳು. "ಒಂದೇ ಒಂದು ಶಬ್ದ ಬರ್ಲಿ ಅಂತ. ಕಾಲೇಜು ಹೋದ್ರೂ ಪರ್ವಾಗಿಲ್ಲ ಅನ್ನಿಸ್ತು ಆಗ. ಅಷ್ಟು ಹೆದರಿಕೆ ಆಯ್ತು."

ಅವನು ತಲೆ ತಗ್ಗಿಸಿದ. ಅವಳು ಗಲ್ಲ ಹಿಡಿದು ಎತ್ತಿದಳು, ತಲೆ ತಗ್ಗಿಸಿದವನ ಜತೆ ಮಾತಾಡುವುದು ಹೇಗೆ?

"ಏನೂ ಅನ್ನಿಸ್ಲಿಲ್ಲ ಅಂತ ನಗ್ತಾ ಹೇಳ್ಬಹುದು ನಾನು. ನಂಗೆ ಅದು ಚೆನ್ನಾಗಿ ಬರುತ್ತೆ. ಆದ್ರೆ ನಿನ್ನ ಹತ್ರ ಹೇಳಲ್ಲ. ನೋವಾಯ್ತು ಎರ್ಮೆಕ್. ಇನ್ನೂ ಹೆದರಿಕೆ ಆಗ್ತಿದೆ. ಕ್ಲಾಸಿನಲ್ಲಿ ಏನೂ ತಿಳೀದಿದ್ರೆ ಅಂತ ಹೆದರಿಕೆ, ನಾಳೆ ಎಲ್ರಿಗೂ ಗೊತ್ತಾಗುತ್ತಲ್ಲ ಅಂತ ಹೆದರಿಕೆ. ನೀನು ಎದ್ದು ಹೋದ್ರೆ ಅಂತ ಎಲ್ಲಕ್ಕಿಂತ ಜಾಸ್ತಿ."

"ಹೋಗಲ್ಲ."

"ಹಾಗಾದ್ರೆ ನಾನೂ ಹೋಗಲ್ಲ. ನೀನಂದ್ರೆ ನಂಗಿಷ್ಟ. ಕೇಳಿಸಿದ್ರೂ ಇರ್ತಿದ್ದೆ ಕಣೋ ಪೆದ್ದ, ಬೇಡ್ಕೊಳ್ಳೋ ಬದ್ಲು ನನ್ನನ್ನೇ ಕೇಳ್ಬಾರ್ದಿತ್ತಾ?"

ಮೆಟ್ಟಿಲ ಮೇಲೆ ನಿಂತಿದ್ದ ತುರ್ಸುನಾಯ್ ರಹತ್‌ಳ ತೋಳು ಜಗ್ಗಿದಳು. "ಯಾರಮ್ಮಾ ಆ ಹುಡುಗ? ಅಷ್ಟು ಹೊತ್ತಿಂದ ಇಬ್ರೂ ಏನು ಮಾತಾಡ್ಕೊಳ್ತಿದ್ದಾರೆ?"

"ನನ್ನ ತಮ್ಮ," ಎಂದಳು ರಹತ್. "ಏನು ಮಾತಾಡ್ಕೊಳ್ತಿದ್ದಾರೆ ಅಂತ ನಿಮ್ಮ ಮಗಳನ್ನೇ ಕೇಳಿ. ಇನ್ಮೇಲೆ ಅವಳು ನಿಜ ಹೇಳ್ತಾಳೆ."

ಕಾಲೇಜಿನ ಆಫೀಸು ಮುಚ್ಚುವುದರೊಳಗೆ ಹೋಗಬೇಕಿತ್ತು. ನಾಲ್ವರೂ ಗೇಟಿನ ಕಡೆ ಹೊರಟರು. ಎರ್ಮೆಕ್ ಪೆರಿಜಾತ್‌ಳ ಕೈ ಹಿಡಿದುಕೊಂಡ. ಈಗ ಇಬ್ಬರಿಗೂ ಮಾತಿಗೆ ಒಂದೊಂದೇ ಕೈ ಉಳಿದಿತ್ತು, ಅರ್ಧಂಬರ್ಧ ಮಾತುಗಳು. ಅವನೇನೋ ಕೇಳಿದ. ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ, ಇನ್ನೊಂದು ಸಲ ಹೇಳು, ಎಂದಳು.